ಹುಲಿಯ ನೆರೆಯಲ್ಲಿ ನಮ್ಮ ಹಿರಿಯರು

ಕನ್ನಡ ನಾಡಿನ ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಅರಸರು. ಅವರು ಗೆದ್ದ ಕಾಳಗಗಳನ್ನೂ ಕಟ್ಟಿಸಿದ ಗುಡಿಗಳನ್ನೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವೆಲ್ಲರೂ. ಆದರೆ ಆ ಅರಸರ ಪ್ರಜೆಯೊಬ್ಬ ಹೊತ್ತು ಮುಳುಗಿದ ಮೇಲೆ ಹೊಲದಿಂದ ಮನೆಗೆ ಬರುವಾಗ ಅಂಜುತ್ತಿದ್ದುದು ಯಾರಿಗೆ? ಶತ್ರುವಿನ ದಂಡು ಅವನ ಆಯುಷ್ಯದಲ್ಲಿ ಒಮ್ಮೆಯೋ ಎರಡು ಸಲವೋ ಬಂದೀತು. ಹುಲಿಯಾದರೋ ವರ್ಷವರ್ಷವೂ ಬರುತ್ತಿತ್ತು. ಹಟ್ಟಿಯ ದನವನ್ನೊಯ್ಯುವುದು ಅದೇ, ನೀರಿಗೆ ಹೋದವಳನ್ನು ಹಿಡಿಯುವುದೂ ಅದೇ. ಈ ಭಯದೊಡನೆ ನಮ್ಮವರು ಸಾವಿರಾರು ವರ್ಷ ಹೇಗೆ ಬಾಳಿದರು, ಹೇಗೆ ತಮ್ಮ ಜೀವ ಉಳಿಸಿಕೊಂಡರು ಎಂಬುದೂ ನಾಡಿನ ಚರಿತ್ರೆಯ ಒಂದು ಭಾಗವೇ ಸರಿ.

ಮುಂಬಯಿಯಂಥ ಮಹಾನಗರದಲ್ಲಿ ಕುಳಿತು ಹುಲಿ ಚಿರತೆಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಮುಲುಂಡ, ಠಾಣೆ, ಬೋರಿವಿಲಿ, ಗೋರೆಗಾಂವಗಳ ಕಡೆ ಮನೆ ಮಾಡಿರುವ ನಮ್ಮ ಬಾಂಧವರು ಮಾತ್ರ ಈ ಪ್ರಶ್ನೆ ಕೇಳಲಾರರು. ಅವರ ಕಟ್ಟಡಗಳ ಹಿಂದಿನ ಗುಡ್ಡದಲ್ಲಿ ಚಿರತೆಯುಂಟು. ಕೆಲವು ಸೊಸೈಟಿಗಳ ಗೇಟಿನ ಕ್ಯಾಮರಾದಲ್ಲಿ ಅದು ಠೀವಿಯಿಂದ ನಡೆದುಹೋಗುವ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಊರಿನಲ್ಲಿ ಉಳಿದ ತಂದೆ ತಾಯಿಗಳೋ, ಹಾಸನ ಕೊಡಗು ಚಿಕ್ಕಮಗಳೂರುಗಳ ತೋಟದವರಾದರೆ ಆನೆಯ ಭಯ, ಬಳ್ಳಾರಿ ಕೊಪ್ಪಳದ ಕಡೆಯವರಾದರೆ ಕರಡಿಯ ಭಯ. ಹೀಗಿರುವಾಗ ಈ ವಿಷಯ ನಮ್ಮದಲ್ಲವೆನ್ನುವುದು ಹೇಗೆ?

ನಾಡಿನ ಭೂಪಟವನ್ನು ಬಿಡಿಸಿದರೆ ಸಾಕು, ಹಳೆಯ ಕಥೆ ಅರ್ಧ ತಿಳಿಯುತ್ತದೆ. ಹುಲಿಯೂರುದುರ್ಗ, ಹುಲಿಕಲ್ಲು, ಹುಲಿಕೆರೆ, ಆನೆಗೊಂದಿ, ಕರಡಿಗುಡ್ಡ. ಮೃಗದ ಹೆಸರನ್ನು ಹೊತ್ತ ಊರುಗಳು ಲೆಕ್ಕವಿಲ್ಲದಷ್ಟು. ಒಂದು ರಾಜವಂಶದ ಹೆಸರೇ ಹುಲಿಯ ಬಾಯಿಂದ ಬಂದದ್ದೆಂದು ಐತಿಹ್ಯ ಹೇಳುತ್ತದೆ. ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಗ್ರಾಮ ಆಗ ಸೊಸೆವೂರು. ಅಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿಯೊಂದು ಮೇಲೆರಗಲು, ಸುದತ್ತನೆಂಬ ಜೈನ ಮುನಿ ‘ಹೊಯ್ ಸಳ’ ಎಂದನಂತೆ, ಸಳನು ಹೊಯ್ದನಂತೆ. ಇದು ನಡೆದ ಸಂಗತಿಯೋ ಆಮೇಲೆ ಹುಟ್ಟಿದ ಕಥೆಯೋ ಎಂಬ ಚರ್ಚೆ ವಿದ್ವಾಂಸರದು. ಬೇಲೂರು ಹಳೇಬೀಡುಗಳಲ್ಲಿ ಸಳನು ಮೃಗವನ್ನಿರಿಯುವ ಆ ಶಿಲ್ಪವನ್ನು ನೋಡಿದಾಗಲೆಲ್ಲ ನಮಗೆ ತೋರುವುದು ಇಷ್ಟೆ: ಒಂದು ವಂಶವು ತನ್ನ ಹಿರಿಮೆಯನ್ನು ಜಗತ್ತಿಗೆ ಸಾರಲು ನೂರು ಬಗೆಯ ಕಥೆ ಕಟ್ಟಬಹುದಾಗಿತ್ತು. ಹುಲಿಯನ್ನು ಕೊಂದವನ ಕುಲವೆಂದು ಹೇಳಿಕೊಂಡರೆ ಪ್ರಜೆಗಳು ತಲೆಬಾಗುವರೆಂಬುದನ್ನು ಆ ಅರಸರು ಚೆನ್ನಾಗಿ ಬಲ್ಲವರಾಗಿದ್ದರು.

ಅರಸರ ಮಾತು ಹಾಗಿರಲಿ. ಸಾಮಾನ್ಯರ ದಾಖಲೆ ಬೇಕಾದರೆ ವೀರಗಲ್ಲುಗಳ ಬಳಿಗೆ ಹೋಗಬೇಕು. ನಮ್ಮ ಹಳ್ಳಿಗಳ ಕೆರೆಯ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ, ಎಷ್ಟೋ ಸಲ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ಈ ಶಿಲೆಗಳನ್ನು ಕಾಣದವರಾರು? ಹೆಚ್ಚಿನವು ತುರುಗೊಳ್ಳುವ ಕಾಳಗದಲ್ಲಿ, ಊರಳಿವಿನಲ್ಲಿ ಸತ್ತವರದು. ಅವುಗಳ ನಡುವೆ ಹುಲಿಯೊಡನೆ ಹೋರಾಡಿ ಮಡಿದವರ ಕಲ್ಲುಗಳೂ ಅನೇಕವಿವೆ. ಕೆಳಗಿನ ಪಟ್ಟಿಕೆಯಲ್ಲಿ ಹಿಂಗಾಲ ಮೇಲೆ ನಿಂತ ಹುಲಿ, ಅದರ ಬಾಯಿಗೋ ಎದೆಗೋ ಕಠಾರಿ ಇಕ್ಕುತ್ತಿರುವ ವೀರ. ನಡುವೆ ಅವನನ್ನು ಒಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ಆ ವೀರ ದಂಡನಾಯಕನಲ್ಲ. ಬಹುಮಟ್ಟಿಗೆ ದನ ಕಾಯುವವನೋ, ಊರ ಗೌಡನ ಮಗನೋ ಆಗಿದ್ದಾನು.

ಈ ಬಗೆಯ ಶಿಲೆಗಳಲ್ಲಿ ಪ್ರಸಿದ್ಧವಾದದ್ದು ಮಂಡ್ಯ ಜಿಲ್ಲೆಯ ಆತಕೂರಿನದು. ಅದು ಕ್ರಿ.ಶ. 949–50ರ ಸುಮಾರಿನ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಬೂತುಗನ ಸೇವಕ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಚಕ್ರವರ್ತಿ ‘ಬೇಡಿಕೋ’ ಎಂದನು. ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಡಲಾಗಿ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದನು, ಪೂಜೆಗಾಗಿ ಭೂಮಿ ಬಿಟ್ಟನು, ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟಲೆಂದು ಬರೆಯಿಸಿದನು. ಚಕ್ರವರ್ತಿಗಳ ಮಹಾಯುದ್ಧವೊಂದರ ವಿವರವೂ ಹಂದಿಯ ಮೇಲೆ ಬಿದ್ದು ಸತ್ತ ನಾಯಿಯ ಸುದ್ದಿಯೂ ಒಂದೇ ಕಲ್ಲಿನ ಮೇಲಿರುವುದು ಸೋಜಿಗವಲ್ಲವೆ? ಹೊಲಕ್ಕಿಳಿದ ಹಂದಿಯನ್ನು ಬಲ್ಲವರಿಗೆ ಮಾತ್ರ ಇದು ಸೋಜಿಗವೆನಿಸದು. ರೈತನಿಗೆ ಹಂದಿಯೂ ಒಂದು ದಂಡೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ವೀರನು ಸತ್ತಾಗ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುವುದು ಆ ಕಾಲದ ರೀತಿಯಾಗಿರಲಿಲ್ಲ. ಅವನ ಮನೆಯವರಿಗೆ ಹೊಲವೋ ಗದ್ದೆಯೋ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಇಂದು ಕಾಡುಮೃಗದಿಂದ ಸತ್ತವರ ಕುಟುಂಬಕ್ಕೆ ಸರ್ಕಾರ ಪರಿಹಾರಧನ ಕೊಡುವುದುಂಟಷ್ಟೆ. ಆ ಪದ್ಧತಿ ನಿನ್ನೆ ಮೊನ್ನೆ ಇಂಗ್ಲಿಷರಿಂದ ಕಲಿತದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ನೆತ್ತರುಗೊಡಗೆ ಎಷ್ಟು ದಿನದೊಳಗೆ ಕೈಗೆ ಬರುತ್ತಿತ್ತೋ ಶಾಸನಗಳು ಹೇಳುವುದಿಲ್ಲ. ಅರ್ಜಿ, ಪಂಚನಾಮೆ, ವೈದ್ಯರ ಸರ್ಟಿಫಿಕೇಟು, ವಾರಸು ಪತ್ರ ಇವೆಲ್ಲ ಆಗ ಬೇಕಾಗಿರಲಿಲ್ಲವೆಂಬುದಂತೂ ನಿಜ.

ಎಲ್ಲರೂ ಕಠಾರಿ ಹಿಡಿದು ಹುಲಿಯ ಬಾಯಿಗೆ ಕೈಯಿಟ್ಟವರಲ್ಲ. ಹೆಚ್ಚಿನವರು ಜಾಣತನದಿಂದ ಬದುಕಿದರು. ನಮ್ಮ ಅಂಚೆಯವನನ್ನೇ ನೋಡಿರಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಅಂಚೆಯ ವ್ಯವಸ್ಥೆಯಿತ್ತು. ಓಲೆಯ ಚೀಲ ಹೊತ್ತು ಕಾಡುದಾರಿಯಲ್ಲಿ ಓಡುವವನ ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಆ ಗೆಜ್ಜೆಯ ಸದ್ದು ಊರವರಿಗೆ ಓಲೆ ಬಂತೆಂಬ ಸೂಚನೆ. ಮೃಗಕ್ಕೆ ಮನುಷ್ಯ ಬಂದನೆಂಬ ಸೂಚನೆ. ಹುಲಿಯಾಗಲಿ ಚಿರತೆಯಾಗಲಿ ಮನುಷ್ಯನನ್ನು ಕಂಡರೆ ಸಾಮಾನ್ಯವಾಗಿ ಸರಿದುಹೋಗುವ ಪ್ರಾಣಿ. ಅದಕ್ಕೆ ಮುಂಚಿತವಾಗಿ ತಿಳಿಯಬೇಕು, ಅಷ್ಟೆ. ದನದ ಕೊರಳ ಗಂಟೆ, ಸಂತೆಯಿಂದ ಕತ್ತಲಲ್ಲಿ ಮರಳುವವರ ಗುಂಪು ಮತ್ತು ಗಟ್ಟಿ ಮಾತು, ಕೈಯ ದೊಂದಿ, ಹೊಲದ ಅಟ್ಟಣೆಯ ಮೇಲಿನ ತಮಟೆ, ಎಲ್ಲದರ ಮರ್ಮವೂ ಇದೇ. ಇಂದು ಅರಣ್ಯ ಇಲಾಖೆಯವರು ‘ಕತ್ತಲಲ್ಲಿ ಒಬ್ಬರೇ ಹೋಗುವಾಗ ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ’ ಎನ್ನುತ್ತಾರೆ. ಅಂಚೆಯವನ ಗೆಜ್ಜೆಯೇ ಹಾಡಾಗಿ ಬಂದಿದೆ ಎನ್ನೋಣ. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರದಲ್ಲಿ ಕೇಳಿದರೆ ಮಾತ್ರ ಪ್ರಯೋಜನವಿಲ್ಲ. ಹಾಡು ಚಿರತೆಗೆ ಕೇಳಬೇಕೇ ಹೊರತು ನಮಗಲ್ಲ.

ಉಪಾಯ ಮುಗಿದಲ್ಲಿ ದೇವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುತ್ತಾರೆ. ಮಲೆಯ ಮಾದೇಶ್ವರನಿಗೆ ಹುಲಿಯೇ ವಾಹನ; ಅವನ ಒಕ್ಕಲು ಇಂದಿಗೂ ಕಾಡಿನ ನಡುವೆ ‘ಉಘೇ’ ಎನ್ನುತ್ತ ಕಾಲ್ನಡೆಯಲ್ಲಿ ಹೋಗುತ್ತದೆ. ಗುಂಪು, ಕೂಗು, ಹಾಡು ಮೂರೂ ಅಲ್ಲಿವೆಯೆಂಬುದನ್ನು ವಾಚಕರು ಗಮನಿಸಬೇಕು. ತುಳುನಾಡಿನಲ್ಲಿ ಪಿಲಿಚಾಮುಂಡಿಯ ಕೋಲ, ಅಷ್ಟಮಿ ದಸರೆಗಳಲ್ಲಿ ಹುಲಿವೇಷ. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ ಮದುವೆಯೇ ಆಗುತ್ತಿತ್ತು, ಸತ್ತ ಹುಲಿಯೊಡನೆ! ಅದು ನರಿಮಂಗಲ. ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ. ಇದನ್ನರಿಯದ ಬಯಲುಸೀಮೆಯವರು ಗುಳ್ಳೆನರಿಯನ್ನು ಕೊಂದದ್ದಕ್ಕೆ ಇಷ್ಟು ಸಂಭ್ರಮವೇ ಎಂದು ನಕ್ಕದ್ದುಂಟು. ಹುಲಿಯನ್ನು ಕಂಬಕ್ಕೆ ತೂಗುಹಾಕಿ, ಪಕ್ಕದಲ್ಲಿ ಬೇಟೆಗಾರನನ್ನು ಮದುಮಗನಂತೆ ಕೂರಿಸಿ, ಊರವರೆಲ್ಲ ಅಕ್ಕಿ ಚೆಲ್ಲಿ ಹರಸಿ ಕಾಣಿಕೆ ಕೊಡುತ್ತಿದ್ದರು. ಕೊಂದ ಮೃಗದ ಆತ್ಮಕ್ಕೆ ಸಮಾಧಾನ ಹೇಳುವ ಭಾವ ಅದರಲ್ಲಿದ್ದಿತು. ನಾವೆಲ್ಲ ಚಿಕ್ಕಂದಿನಲ್ಲಿ ಕಣ್ಣೀರಿಟ್ಟು ಕೇಳಿದ ಪುಣ್ಯಕೋಟಿಯ ಕಥೆಯಲ್ಲಂತೂ ಹುಲಿಯೇ ನಾಚಿ ಪ್ರಾಣ ಬಿಡುತ್ತದೆ. ಮಕ್ಕಳಿಗೆ ಆ ಕಥೆ ಹೇಳತಕ್ಕದ್ದೇ. ಆದರೆ ಆರೇ ಕಾಲೊನಿಯ ಕಡೆ ಮನೆಯಿರುವವರು, ನಿಜವಾದ ಚಿರತೆಗೆ ಸತ್ಯವಾಕ್ಯದ ಮೇಲೆ ಅಷ್ಟು ಗೌರವವಿಲ್ಲವೆಂದೂ ಒಂದು ಮಾತು ಸೇರಿಸಿ ಹೇಳುವುದು ಒಳ್ಳೆಯದು.

ಬಂದೂಕು ಬಂದಮೇಲೆ ಈ ಸಮತೋಲ ಕೆಟ್ಟಿತು. ಬಲೆ ಕಟ್ಟಿ, ತಮಟೆ ಬಡಿದು, ಹತ್ತೂರಿನವರು ಈಟಿ ಹಿಡಿದು ನಿಂತರೆ ಒಂದು ಹುಲಿ ಸಿಕ್ಕುತ್ತಿದ್ದ ಕಡೆ, ಆನೆಯ ಮೇಲೆ ಕುಳಿತ ಒಬ್ಬ ಸಾಹೇಬ ಬೆಳಗಿನಿಂದ ಸಂಜೆಯೊಳಗೆ ಎರಡು ಮೂರನ್ನು ಉರುಳಿಸತೊಡಗಿದ. ಸರ್ಕಾರವು ಮೃಗಗಳ ತಲೆಗೆ ಬಹುಮಾನ ಕಟ್ಟಿತು. ಬ್ಯಾಂಕಿನಲ್ಲಿ ಕುಳಿತು ದಿನವೆಲ್ಲ ಜಮಾ ಖರ್ಚು ಬರೆಯುವ ನಮ್ಮಂಥವರಿಗೆ ಈ ಲೆಕ್ಕ ಓದಿದಾಗ ಒಂದು ವಿಚಿತ್ರವಾದ ಕಳವಳವಾಗುತ್ತದೆ. ಇತಿಹಾಸಕಾರ ಮಹೇಶ ರಂಗರಾಜನ್ ಅವರು ಆ ಬಹುಮಾನದ ದಾಖಲೆಗಳಿಂದ ಲೆಕ್ಕ ಹಾಕಿರುವಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಹಿಂದೂಸ್ಥಾನದಲ್ಲಿ ಕೊಲ್ಲಲ್ಪಟ್ಟ ಹುಲಿಗಳು 80,000ಕ್ಕೂ ಮಿಕ್ಕು, ಚಿರತೆಗಳು 1,50,000ಕ್ಕೂ ಮಿಕ್ಕು. ಒಂದೊಂದು ತಲೆಗೂ ಒಬ್ಬ ಗುಮಾಸ್ತ ರಸೀದಿ ಬರೆದಿರಬೇಕು, ಇನ್ನೊಬ್ಬ ಮೊತ್ತ ಹಾಕಿರಬೇಕು. ಇಷ್ಟು ಕೊಂದಮೇಲಾದರೂ ಜನ ಕ್ಷೇಮವಾಗಿದ್ದರೆ? ಅದೂ ಇಲ್ಲ. ನರಭಕ್ಷಕಗಳ ದೊಡ್ಡ ದೊಡ್ಡ ಕಥೆಗಳೆಲ್ಲ ಇದೇ ಕಾಲದವು.

ಕುಮಾವೂ ಸೀಮೆಯ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. 1907ರಲ್ಲಿ ಅದನ್ನು ಹೊಡೆದ ಜಿಮ್ ಕಾರ್ಬೆಟ್ ಸಾಹೇಬರು ಅದರ ಬಾಯನ್ನು ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡು ಅದನ್ನು ಕೊಲ್ಲದೆ ಹಲ್ಲು ಮುರಿದಿತ್ತು. ಜಿಂಕೆ ಹಿಡಿಯಲಾರದ ಹುಲಿ ಮನುಷ್ಯನನ್ನು ಹಿಡಿಯಿತು. ಮುಕ್ತೇಶ್ವರದ ಹುಲಿಗೆ ಮುಳ್ಳುಹಂದಿಯ ಮುಳ್ಳು ನಾಟಿತ್ತು. ರುದ್ರಪ್ರಯಾಗದ ಚಿರತೆ ಎಂಟು ವರ್ಷದಲ್ಲಿ 125 ಜನರನ್ನು ಕೊಂದು 1926ರಲ್ಲಿ ಸತ್ತಿತು. ನಮ್ಮ ಕಡೆ ಇದೇ ಕೆಲಸ ಮಾಡಿದವರು ಬೆಂಗಳೂರಿನ ಕೆನೆತ್ ಆಂಡರ್ಸನ್. ವಿಮಾನ ಕಾರ್ಖಾನೆಯಲ್ಲಿ ನೌಕರಿ, ರಜೆ ಸಿಕ್ಕರೆ ಕಾಡು. ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದು ‘ಕಾಡಿನ ಕಥೆಗಳು’ ಎಂದು ಕೊಟ್ಟರು, ಓದದ ಕನ್ನಡಿಗನಿಲ್ಲ. ಅದರಲ್ಲಿ ಜಾಲಹಳ್ಳಿಯ ಕುರ್ಕನ ಕಥೆಯೊಂದಿದೆ. ಜಾಲಹಳ್ಳಿಯಲ್ಲಿ ಇಂದು ಮೆಟ್ರೋ ಓಡುತ್ತದೆ. ಕುರ್ಕವೆಂದರೆ ಚಿರತೆಯೆಂದು ನಮ್ಮ ಮುಂಬಯಿಯ ಮಕ್ಕಳಿಗೆ ಈಗ ಬಿಡಿಸಿ ಹೇಳಬೇಕಾಗಿದೆ.

ಬೇಟೆಯು ನಿಂತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ಆ ವರ್ಷದ ಗಣತಿಯಲ್ಲಿ ದೇಶದಲ್ಲೆಲ್ಲ ಸಿಕ್ಕ ಹುಲಿಗಳು 1,827. ಮಾರನೆಯ ವರ್ಷ ಏಪ್ರಿಲ್ ಒಂದರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದೇ 1973ರ ನವೆಂಬರ್ ಒಂದರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆದುದರಿಂದ ರಾಜ್ಯೋತ್ಸವದ ದಿನ ಹುಲಿಯನ್ನು ನೆನೆಯುವುದು ತೀರ ಅಸಂಗತವಾಗಲಾರದು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563, ಚಿರತೆಗಳು 1,879. 2023ರಲ್ಲಿ ಆನೆಗಳು 6,395. ಆನೆಯಲ್ಲಿ ದೇಶಕ್ಕೇ ಮೊದಲು. ಹೆಮ್ಮೆಯ ಮಾತು ನಿಜ. ಆ ಹೆಮ್ಮೆಯ ಬಡ್ಡಿಯನ್ನು ಕಟ್ಟುತ್ತಿರುವವನು ಕಾಡಂಚಿನ ರೈತ ಮತ್ತು ತೋಟದ ಕೂಲಿಯವನೆಂಬುದನ್ನು ನಗರದಲ್ಲಿರುವ ನಾವು ಮರೆಯುವುದು ಸುಲಭ.

ಈಗ ನಾವಿರುವ ಊರಿಗೆ ಬರೋಣ. ಮುಂಬಯಿಗೂ ಹುಲಿ ಹೊಸದಲ್ಲ. 1822ರಲ್ಲಿ ಮಲಬಾರ್ ಹಿಲ್ಲಿನ ಮೇಲೆ ಹುಲಿಯೊಂದು ಕಾಣಿಸಿಕೊಂಡು ಗೋವಾಲಿಯಾ ಕೆರೆಯಲ್ಲಿ ನೀರು ಕುಡಿದು ಖಂಬಾಲಾ ಹಿಲ್ಲಿನ ಕಡೆ ಓಡಿಹೋಯಿತೆಂದು ಹಳೆಯ ದಾಖಲೆಯಿದೆ. ವಿಹಾರ ಕೆರೆಯ ಬಳಿ ಕೊನೆಯ ಹುಲಿಯನ್ನು ಹೊಡೆದದ್ದು 1929ರಲ್ಲಿ. ಹುಲಿ ಹೋಯಿತು, ಚಿರತೆ ಉಳಿಯಿತು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರು. ಮೂರು ಕಡೆ ಊರು ಒತ್ತಿ ನಿಂತಿದೆ. ಅಂಥ ಕಡೆ ನಾಲ್ಕಾರು ಡಜನ್ ಚಿರತೆಗಳು ಬಾಳುವುದು ಹೇಗೆ? ಕಾಡಿನಲ್ಲಿ ಕಡವೆ ಜಿಂಕೆಗಳಿವೆ, ಅಂಚಿನಲ್ಲಿ ನಾಯಿಗಳಿವೆ. ನಾವು ಚೆಲ್ಲುವ ಕಸಕ್ಕೆ ನಾಯಿ, ನಾಯಿಗೆ ಚಿರತೆ. ಇವು ವರ್ಷಕ್ಕೆ 1,500ರಷ್ಟು ನಾಯಿಗಳನ್ನು ತಿನ್ನುತ್ತಿರಬಹುದೆಂದು 2018ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಹುಚ್ಚುನಾಯಿ ಕಡಿತದಿಂದ ಎಷ್ಟೋ ಜನ ಇದರಿಂದ ಪಾರಾಗುತ್ತಿದ್ದಾರೆಂದೂ ಅವರೇ ತೋರಿಸಿದರು.

ಇಂಥ ಚಿರತೆ ಮನುಷ್ಯರ ಮೇಲೆ ಬಿದ್ದದ್ದೇಕೆ? 2004ರ ಜೂನ್ ಒಂದೇ ತಿಂಗಳಲ್ಲಿ ಈ ಉದ್ಯಾನದ ಸುತ್ತ ಹತ್ತರಷ್ಟು ಮಂದಿ ಸತ್ತರು. ಆಗ ಪೊವಾಯಿ, ಮುಲುಂಡಗಳಲ್ಲಿ ಸಂಜೆ ಆರಕ್ಕೇ ಬಾಗಿಲು ಹಾಕುತ್ತಿದ್ದುದನ್ನು ಹಿರಿಯ ಸದಸ್ಯರು ಇಂದಿಗೂ ಹೇಳುತ್ತಾರೆ. ಇದರ ಕಾರಣ ತಿಳಿಯಬೇಕಾದರೆ ಪುಣೆ ಜಿಲ್ಲೆಯ ಜುನ್ನರಕ್ಕೆ ಹೋಗಬೇಕು. ಅಲ್ಲಿ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿಹಾಕಿಕೊಂಡಿದ್ದವು. ಅವನ್ನು ಕಂಡೊಡನೆ ಬೋನಿಟ್ಟು ಹಿಡಿಯುವುದು, ದೂರದ ಕಾಡಿಗೆ ಒಯ್ದು ಬಿಡುವುದು ಎಂಬ ಕ್ರಮ 2001ರಿಂದ ದೊಡ್ಡ ಪ್ರಮಾಣದಲ್ಲಿ ನಡೆಯಿತು. ನೋಡಲು ದಯೆಯ ಕೆಲಸ, ಕೊಲ್ಲಲಿಲ್ಲವಲ್ಲ! ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಇದರ ಲೆಕ್ಕ ತೆಗೆದರು. 1993ರಿಂದ 2001ರವರೆಗೆ ಜುನ್ನರದಲ್ಲಿ ಮನುಷ್ಯರ ಮೇಲೆ ಚಿರತೆಯ ದಾಳಿ ವರ್ಷಕ್ಕೆ ಸರಾಸರಿ 4. ಹಿಡಿದು ಬಿಡುವ ಕೆಲಸ ನಡೆದ 2001–2003ರಲ್ಲಿ ವರ್ಷಕ್ಕೆ 17! ತನ್ನ ನೆಲ, ತನ್ನ ನೀರು, ತನ್ನ ಅಡಗುದಾಣಗಳನ್ನು ಬಲ್ಲ ಪ್ರಾಣಿಯನ್ನು ಗಾಯಗೊಳಿಸಿ, ಬೆದರಿಸಿ, ಅರಿಯದ ಕಾಡಿನಲ್ಲಿ ಬಿಟ್ಟರೆ ಅದು ಮತ್ತೆ ಮನೆಯ ದಾರಿ ಹಿಡಿಯುತ್ತದೆ. ನಡುವೆ ಸಿಕ್ಕ ಮನುಷ್ಯ ಬಲಿಯಾಗುತ್ತಾನೆ. ಹೀಗೆ ಬೇರೆ ಕಡೆ ಹಿಡಿದ ಕೆಲವು ಚಿರತೆಗಳನ್ನು ಮುಂಬಯಿಯ ಉದ್ಯಾನದಲ್ಲೂ ಬಿಟ್ಟಿದ್ದರು. ಮುರಿದ ಹಲ್ಲಿನ ಚಂಪಾವತದ ಹುಲಿಗೂ ಊರು ಬಿಡಿಸಿದ ಈ ಚಿರತೆಗಳಿಗೂ ನೂರು ವರ್ಷದ ಅಂತರವಿದೆಯಾದರೂ ಎರಡು ಕಡೆಯಲ್ಲೂ ಕೇಡಿನ ಮೊದಲು ಮನುಷ್ಯನ ಕೈಯಿಂದಲೇ ಆಯಿತು.

2011ರಲ್ಲಿ ಕೇಂದ್ರ ಸರ್ಕಾರ ಈ ವಿಷಯದಲ್ಲಿ ಹೊಸ ಸೂಚನೆಗಳನ್ನು ಹೊರಡಿಸಿತು. ಚಿರತೆ ಕಂಡ ಮಾತ್ರಕ್ಕೆ ಬೋನು ಇಡಬಾರದೆಂದಾಯಿತು. ಅದೇ ವರ್ಷ ಉದ್ಯಾನದ ಅಧಿಕಾರಿಗಳೂ ನಾಗರಿಕರೂ ಕೂಡಿ ಸೊಸೈಟಿ, ಶಾಲೆ, ಪೊಲೀಸ್ ಠಾಣೆಗಳಿಗೆ ಹೋಗಿ ತಿಳಿವಳಿಕೆ ಹೇಳತೊಡಗಿದರು. ಸಾವುಗಳು ಬಹಳ ಇಳಿದವು. ಪೂರ್ತಿ ನಿಲ್ಲಲಿಲ್ಲ. 2022ರ ದೀಪಾವಳಿಯ ಮುಂಜಾನೆ ಆರೇ ಕಾಲೊನಿಯಲ್ಲಿ, ದೇವಸ್ಥಾನಕ್ಕೆಂದು ಹೊರಟ ತಾಯಿಯ ಹಿಂದೆಯೇ ಹೊಸ್ತಿಲು ದಾಟಿದ ಹದಿನಾರು ತಿಂಗಳ ಹಸುಳೆಯನ್ನು ಚಿರತೆ ಒಯ್ದಿತು. ಮನೆಮನೆಯಲ್ಲೂ ಹಣತೆಯಿದ್ದ ದಿನ. ಇದನ್ನು ಬರೆಯಲು ನಮಗೆ ಕೈ ಬಾರದು. ಆದರೂ ಚಿಕ್ಕ ಮಕ್ಕಳಿರುವ ಮನೆಗಳು ತಿಳಿದಿರಬೇಕಾದ ಸಂಗತಿಯಾದ್ದರಿಂದ ಬರೆದಿದ್ದೇವೆ.

ಚಿರತೆಯು ಎತ್ತರವನ್ನು ನೋಡಿ ಅಳೆಯುವ ಪ್ರಾಣಿ. ನಿಂತ ದೊಡ್ಡವರನ್ನು ಅದು ಬೇಟೆಯೆಂದು ಬಗೆಯುವುದು ಅಪರೂಪ. ಮಗು, ಬಯಲಿಗೆ ಕುಳಿತವರು, ಬಾಗಿ ಸೌದೆ ಆಯುವವರು ಅದರ ಕಣ್ಣಿಗೆ ಸಣ್ಣ ಮೃಗದಂತೆ ತೋರುತ್ತಾರೆ. ಗುಡಿಸಲುಗಳಲ್ಲಿ ಪಾಯಖಾನೆಯಿಲ್ಲದೆ ಕತ್ತಲಲ್ಲಿ ಹೊರಗೆ ಹೋದವರೇ ಹೆಚ್ಚಾಗಿ ಬಲಿಯಾದದ್ದು ಇದರಿಂದಲೇ. 2021ರಲ್ಲಿ ಅದೇ ಆರೇ ಕಾಲೊನಿಯಲ್ಲಿ, ಊರುಗೋಲು ಹಿಡಿದು ನಡೆಯುವ ಮಹಿಳೆಯೊಬ್ಬರು ಜಗಲಿಯ ಮೇಲೆ ಕುಳಿತ ಕೂಡಲೇ ಹಿಂದಿನಿಂದ ಚಿರತೆ ಎರಗಿತು. ಆಕೆ ಬಿದ್ದರೂ ಆ ಕೋಲಿನಿಂದಲೇ ಬಡಿದು ಅದನ್ನು ಓಡಿಸಿದರು. ಈ ದೃಶ್ಯವನ್ನು ಕ್ಯಾಮರಾ ಹಿಡಿದಿದೆ. ವೀರಗಲ್ಲು ಸತ್ತವರಿಗೆ ಮಾತ್ರವಾದ್ದರಿಂದ ಆಕೆಗೆ ಕಲ್ಲಿಲ್ಲ; ನಮ್ಮ ಮಟ್ಟಿಗೆ ಸಳನ ಪಕ್ಕದಲ್ಲಿ ನಿಲ್ಲತಕ್ಕವರು.

ಚಿರತೆ ಎದುರಾದರೆ ಓಡಬಾರದು, ಬೆನ್ನು ತಿರುಗಿಸಬಾರದು, ಕುಳಿತುಕೊಳ್ಳಬಾರದು. ಮಗುವಿದ್ದರೆ ಎತ್ತಿಕೊಂಡು, ಕೈ ಮೇಲೆತ್ತಿ ಗಟ್ಟಿಯಾಗಿ ಮಾತನಾಡುತ್ತ, ಅದಕ್ಕೆ ಹೋಗಲು ದಾರಿ ಬಿಟ್ಟು, ಮೆಲ್ಲಗೆ ಹಿಂದೆ ಸರಿಯತಕ್ಕದ್ದು. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಕಸದ ರಾಶಿ ತೆಗೆಸಿದರೆ ನಾಯಿ ಕಡಮೆ, ನಾಯಿ ಕಡಮೆಯಾದರೆ ಚಿರತೆ ನಮ್ಮ ಅಂಗಳಕ್ಕೆ ಬರುವ ಕಾರಣವೂ ಕಡಮೆ. ಸೊಸೈಟಿಯ ಸಭೆಗಳಲ್ಲಿ ಗೋಡೆ ಎತ್ತರಿಸುವ ಮಾತು ಬರುತ್ತದೆ, ಕಸದ ಮಾತು ಬರುವುದಿಲ್ಲ.

ಕರಡಿಯ ರೀತಿ ಬೇರೆ. ಅದಕ್ಕೆ ಕಣ್ಣು ಮಂದ, ಕೋಪ ಮೂಗಿನ ತುದಿಯಲ್ಲಿ. ಪೊದೆಯಲ್ಲಿ ತಟ್ಟನೆ ಎದುರಾದ ಮನುಷ್ಯನನ್ನು ಹೆದರಿಕೆಯಿಂದಲೇ ಸಿಗಿದುಹಾಕುತ್ತದೆ. ಹೊಸಪೇಟೆಯ ಹತ್ತಿರದ ದರೋಜಿ ಕರಡಿಧಾಮದ ಸುತ್ತಣ ರೈತರು ಮುಂಜಾನೆ ಹೊಲಕ್ಕೆ ಹೋಗುವಾಗ ಕೆಮ್ಮಿ, ಕೂಗಿ ಹೋಗುವುದು ಇದಕ್ಕಾಗಿ. ಮೇಲೆ ಬಿದ್ದೇಬಿಟ್ಟರೆ ಕವುಚಿ ಮಲಗಿ ಕತ್ತಿನ ಹಿಂಭಾಗವನ್ನು ಕೈಗಳಿಂದ ಮುಚ್ಚಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ಆನೆಯ ಮುಂದಾದರೋ ಗದ್ದಲ ಸಲ್ಲದು. ಅದನ್ನು ದೂರದಿಂದಲೇ ಅರಿತು, ಸದ್ದಿಲ್ಲದೆ, ಗಾಳಿ ನಮ್ಮಿಂದ ಅದರ ಕಡೆ ಬೀಸದಂತೆ ನೋಡಿಕೊಂಡು ಹಿಂದಿರುಗುವುದೇ ಲೇಸು. ತಾಯಿಗೂ ಮರಿಗೂ ನಡುವೆ ಸಿಕ್ಕಿಕೊಳ್ಳಬಾರದು. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಆನೆಯೊಡನೆ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗಳಲ್ಲಿ ನಮ್ಮ ನಗರಗಳವರೇ ಹೆಚ್ಚೆಂದು ಹೇಳಲು ನಾಚಿಕೆಯಾಗುತ್ತದೆ. ಆನೆ ಎಲ್ಲಿದೆಯೆಂದು ಮುಂಚಿತವಾಗಿ ತಿಳಿದರೆ ಅರ್ಧ ಗಂಡಾಂತರ ತಪ್ಪಿದಂತೆ. ತಮಿಳುನಾಡಿನ ವಾಲ್ಪಾರೆಯ ಚಹಾ ತೋಟಗಳಲ್ಲಿ ಇದಕ್ಕೆ ಒಳ್ಳೆಯ ಏರ್ಪಾಟು ನಡೆದಿದೆ: ಆನೆಯಿರುವ ತಾಣವನ್ನು ಫೋನಿನ ಸಂದೇಶದಿಂದ ಕೂಲಿಯವರಿಗೆ ತಿಳಿಸುವುದು, ಆನೆ ಹತ್ತಿರವಿದ್ದರೆ ರಸ್ತೆಯ ಪಕ್ಕದ ಕಂಬದ ಮೇಲೆ ಕೆಂಪು ದೀಪ ಮಿನುಗಿಸುವುದು. ಹಾಸನದ ಕಡೆಯೂ ಇಂಥ ಸಂದೇಶಗಳು ಬಂದಿವೆ. ಊರಿನ ತೋಟದಲ್ಲಿ ವಯಸ್ಸಾದವರಿದ್ದರೆ ಅವರ ಫೋನಿಗೆ ಆ ಸಂದೇಶ ಬರುತ್ತಿದೆಯೇ ಎಂದು ಈ ಸಲ ಹೋದಾಗ ಕೇಳಿ ನೋಡಬಹುದು.

ಮೃಗಕ್ಕಿಂತ ಹೆಚ್ಚು ಅಪಾಯ ಕೆಲವೊಮ್ಮೆ ನೋಡಲು ನೆರೆದ ಜನರಿಂದ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಹಿಡಿಯಲು ಹೋದವರು ಗಾಯಗೊಂಡರು; ಅವರಲ್ಲಿ ಚಿರತೆಗಳ ಅಧ್ಯಯನವನ್ನೇ ಮಾಡಿದ ಸಂಜಯ ಗುಬ್ಬಿಯವರೂ ಒಬ್ಬರು. ದಾರಿಯಿಲ್ಲದಂತೆ ಸಿಕ್ಕಿಬಿದ್ದ ಚಿರತೆ ಹೆದರಿದ್ದರಿಂದಲೇ ಅಷ್ಟು ಉಗ್ರವಾಗುತ್ತದೆ. ಕಟ್ಟಡದೊಳಗೆ ಬಂದರೆ ಆ ಕೋಣೆಯ ಬಾಗಿಲು ಹಾಕಿ, ಜನರನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ಕರೆ ಮಾಡುವುದೊಂದೇ ನಮ್ಮ ಕೆಲಸ.

ಉದ್ಯಾನದೊಳಗಿನ ಪಾಡೆಗಳಲ್ಲಿ ವಾರಲಿ ಜನ ನಮಗಿಂ ಮೊದಲಿನಿಂದ ಇದ್ದಾರೆ. ಅವರ ದೇವರು ವಾಘೋಬಾ. ಮುಂಬಯಿ ಉಪನಗರ, ಠಾಣೆ, ಪಾಲಘರ ಜಿಲ್ಲೆಗಳಲ್ಲಿ ಅವನ 150ರಷ್ಟು ಗುಡಿಗಳನ್ನು ಸಂಶೋಧಕರು ಗುರುತಿಸಿ 2021ರಲ್ಲಿ ಪ್ರಕಟಿಸಿದರು. ಸಿಂಧೂರ ಬಳಿದ ಹಲಗೆ, ಅದರಲ್ಲಿ ಕೊರೆದ ಹುಲಿ ಅಥವಾ ಚಿರತೆ, ಸೂರ್ಯ, ಚಂದ್ರ. ವೀರಗಲ್ಲಿನ ಮೇಲೂ ಸೂರ್ಯಚಂದ್ರರಿರುವುದು ವಾಚಕರಿಗೆ ನೆನಪಿರಬಹುದು. ದೀಪಾವಳಿಗೆ ಮುನ್ನ ವಾಘಬಾರಸದ ದಿನ ಅವನಿಗೆ ಪೂಜೆ. ಹುಲಿವೀರಪ್ಪನ ಒಕ್ಕಲಿನವನೊಬ್ಬ ಅಲ್ಲಿಗೆ ಬಂದರೆ ಯಾವ ದೇವರೆಂದು ಕೇಳಬೇಕಾಗುವುದಿಲ್ಲ.

ಮಹಾರಾಷ್ಟ್ರದ ಅರಣ್ಯ ಇಲಾಖೆಯ ಸಹಾಯವಾಣಿಯ ಸಂಖ್ಯೆ 1926. ಅದು ರುದ್ರಪ್ರಯಾಗದ ಚಿರತೆ ಸತ್ತ ಇಸವಿಯೂ ಹೌದು. ಇದು ಕೇವಲ ಕಾಕತಾಳೀಯವೆಂಬುದನ್ನು ನಾವು ಬಲ್ಲೆವು. ಆದರೂ ಹೀಗೆ ನೆನಪಿಟ್ಟುಕೊಂಡರೆ ಅವಸರದಲ್ಲಿ ಮರೆಯುವುದಿಲ್ಲ.